ಕ್ವರ್ನ್‌ಬಿಯವರ ಐದನೆಯ ಮಗ

ಚಳಿಗಾಲದ ಮಧ್ಯಾಹ್ನಗಳಲ್ಲಿ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಬೀದಿಯಲ್ಲಿ ನಡೆಯುವಾಗ ಯಾವುದೋ ಮನೆಯ ಪಕ್ಕದ ಗೋಡೆಯಿಂದ ಬಟ್ಟೆ ಒಣಗಿಸುವ ಡ್ರೈಯರ್‌ನ ಬಿಸಿಗಾಳಿ ಹಿಮದ ಮೇಲೆ ಹೊಗೆಯ ಹಾಗೆ ಹರಿದು ಬರುತ್ತದೆ. ಸಾಬೂನು, ಬೆಚ್ಚಗಾದ ಹತ್ತಿ, ಎಲ್ಲೋ ಸ್ವಲ್ಪ ಕರಕಾದ ನೂಲಿನ ಎಳೆ, ಇವೆಲ್ಲ ಬೆರೆತ ವಾಸನೆ ಅದು. ಮುಖಕ್ಕೆ ತಾಗಿದ ಕೂಡಲೇ ನಾನು ಒಂಬತ್ತು ವರ್ಷದವಳಾಗಿ, ಶಿಕಾಗೋದ ಹೊರಗಿನ ವುಡ್‌ರಿಡ್ಜ್‌ನಲ್ಲಿ, ಎರಡು ಮನೆಗಳ ನಡುವಿನ ಇಕ್ಕಟ್ಟಾದ ಹುಲ್ಲುಪಟ್ಟಿಯಲ್ಲಿ ನಿಂತುಬಿಡುತ್ತೇನೆ. ಎಡಕ್ಕೆ ನಮ್ಮ ಮನೆ, ಬಲಕ್ಕೆ ಮಿಸ್ ಕ್ವರ್ನ್‌ಬಿಯವರದು. ಎರಡು ಮನೆಗಳ ಡ್ರೈಯರ್ ಕೊಳವೆಗಳೂ ಎದುರುಬದುರಾಗಿ ಉಸಿರು ಬಿಡುತ್ತಿದ್ದವು. ಶನಿವಾರ ಬೆಳಿಗ್ಗೆ ಎರಡೂ ಕಡೆ ಬಟ್ಟೆ ಒಣಗುತ್ತಿದ್ದರೆ ಅಲ್ಲಿ ಹಿಮ ನಿಲ್ಲುತ್ತಲೇ ಇರಲಿಲ್ಲ. ಆ ಬೆಚ್ಚಗಿನ ಜಾಗದಲ್ಲಿ ನಿಂತು ನಾನು ಬಲಗಡೆಯ ಅಡುಗೆಮನೆಯ ಕಿಟಕಿಯನ್ನು ನೋಡುತ್ತಿದ್ದೆ. ಒಳಗೆ ನನ್ನ ಅಕ್ಕ ನಸೀಮಾ ಕೂತಿರುತ್ತಿದ್ದಳು. ನಾನು ಹೊರಗಿರುತ್ತಿದ್ದೆ.

ನಮ್ಮದು ರಾಣೇಬೆನ್ನೂರಿನ ನದಾಫರ ಮನೆತನ. ಹತ್ತಿ ಹಿಂಜಿ ಗಾದಿ ಹೊಲಿಯುವವರು. ನಮಾಜು ಅರಬಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದ ಮನೆ. ಅಪ್ಪ ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಬೇರಿಂಗ್ ತಯಾರಿಸುವ ಒಂದು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಅವನು ಮನೆಯಲ್ಲೂ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಅವ್ವ ಶಿಕಾಗೋದ ಡೆವೊನ್ ಬೀದಿಯ ಭಾರತೀಯ ಅಂಗಡಿಯಿಂದ ತಂದ ಜೋಳದ ಹಿಟ್ಟನ್ನು ಕಲಸಿ, ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಕೆಳಗಿನ ಬೇಸ್‌ಮೆಂಟಿನಲ್ಲಿ ಕೂತ ನನಗೆ ಹಸಿವಾಗುತ್ತಿತ್ತು. ನಸೀಮಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ರಾಣೇಬೆನ್ನೂರಿನಲ್ಲಿ ಹುಟ್ಟಿ ಅಪ್ಪ ಅವ್ವನ ಜೊತೆ ಬಂದವಳು, ನಾನು ಇಲ್ಲೇ ಹುಟ್ಟಿದವಳು. ಅವ್ವ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ, ಅಕ್ಕ ಕನ್ನಡದಲ್ಲೇ ಕೊಡುತ್ತಿದ್ದಳು. ಊರಿನಿಂದ ಫೋನು ಬಂದಾಗ ಎಲ್ಲರೂ ಮೊದಲು ಅವಳನ್ನೇ ಕೇಳುತ್ತಿದ್ದರು. ಅವಳ ಅಕ್ಷರ ದುಂಡಗಿತ್ತು. ಅವಳ ಜಡೆ ದಪ್ಪಗಿತ್ತು. ಅವಳು ಒಂದು ಸಲ ಓದಿದ್ದನ್ನು ಮರೆಯುತ್ತಿರಲಿಲ್ಲ. ಇಂಥ ಅಕ್ಕನ ಹಿಂದೆ ಹುಟ್ಟಿದವರಿಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ. ನಿಮಗೂ ಅಂಥ ಒಬ್ಬರು ಇದ್ದಿರಬಹುದು.

ಮಿಸ್ ಕ್ವರ್ನ್‌ಬಿ ನಿವೃತ್ತರಾದ ಶಾಲಾ ಶಿಕ್ಷಕಿ. ಮದುವೆಯಾದವರಲ್ಲ. ಎತ್ತರದ, ಒಣಕಲು ದೇಹದ ಹೆಂಗಸು. ಕೈ ಸದಾ ಸಣ್ಣಗೆ ನಡುಗುತ್ತಿತ್ತು, ಚಹಾದ ಕಪ್ಪು ಎತ್ತಿದರೆ ತಟ್ಟೆಯ ಮೇಲೆ ಟಿಕಿಟಿಕಿ ಅನ್ನುತ್ತಿತ್ತು. ಅವ್ವ ಅವರನ್ನು ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ‘ಅಕ್ಕೋರು’ ಎನ್ನುತ್ತಿದ್ದಳು. ಅವರೂ ಅದಕ್ಕೆ ಓಗೊಡುತ್ತಿದ್ದರು. ಅವರ ಮನೆಯ ಊಟದ ಮೇಜಿನ ಮೇಲೆ ಊಟ ನಡೆದದ್ದನ್ನು ನಾನು ಕಂಡಿಲ್ಲ. ಅದರ ತುಂಬ ಬೂಟಿನ ಡಬ್ಬಿಗಳು, ಡಬ್ಬಿಗಳ ತುಂಬ ಕಾರ್ಡುಗಳು, ಕಾರ್ಡುಗಳ ತುಂಬ ಒಂದೇ ಹೆಸರು. ಕ್ವರ್ನ್‌ಬಿ ಎಂಬುದು ಅಷ್ಟು ಅಪರೂಪದ ಹೆಸರು. ಶಿಕಾಗೋದ ದಪ್ಪ ಫೋನ್ ಪುಸ್ತಕದಲ್ಲಿ ಅವರೊಬ್ಬರೇ ಇದ್ದರು. ಅವರು ಅಮೆರಿಕ, ಕೆನಡಾ, ಇಂಗ್ಲೆಂಡು, ಆಸ್ಟ್ರೇಲಿಯಾಗಳ ಫೋನ್ ಪುಸ್ತಕಗಳನ್ನು ಲೈಬ್ರರಿಯಲ್ಲಿ ಹುಡುಕಿ, ಸಿಕ್ಕ ಪ್ರತಿಯೊಬ್ಬ ಕ್ವರ್ನ್‌ಬಿಗೂ ಪತ್ರ ಬರೆದಿದ್ದರು. ತಾವು ಹೋಗುವುದರೊಳಗೆ ಆ ಹೆಸರಿನ ಚರಿತ್ರೆಯನ್ನು ಒಂದು ಪುಸ್ತಕ ಮಾಡಬೇಕು ಎನ್ನುವುದೊಂದೇ ಅವರ ಆಸೆ.

ಆ ಚರಿತ್ರೆ ನನಗೆ ಈಗಲೂ ಬಾಯಿಪಾಠ ಬರುತ್ತದೆ. ಬಹಳ ಹಿಂದೆ ಸಮುದ್ರ ದಾಟಿ ಇಂಗ್ಲೆಂಡಿನ ಉತ್ತರಕ್ಕೆ ಬಂದು ನೆಲೆಸಿದ ಡೇನರ ಭಾಷೆಯಲ್ಲಿ ಕ್ವರ್ನ್ ಎಂದರೆ ಬೀಸುವ ಕಲ್ಲು, ಬಿ ಎಂದರೆ ಹಳ್ಳಿ. ಬೀಸುವ ಕಲ್ಲು ಕಡಿಯುತ್ತಿದ್ದ ಒಂದು ಗುಡ್ಡ, ಅದರ ಬುಡದಲ್ಲಿ ಹತ್ತಾರು ಮನೆ. ಆಮೇಲೆ ಯಾವುದೋ ಶತಮಾನದಲ್ಲಿ ಪ್ಲೇಗು ಬಂದೋ, ಜಮೀನುದಾರ ಕುರಿ ಮೇಯಿಸಲು ಜನರನ್ನು ಎಬ್ಬಿಸಿಯೋ, ಆ ಹಳ್ಳಿ ಹಾಳುಬಿತ್ತು. ಈಗ ಅಲ್ಲಿ ಹುಲ್ಲಿನ ಕೆಳಗೆ ಗೋಡೆಗಳ ಗುರುತು ಮಾತ್ರ ಇದೆಯಂತೆ. ಊರು ಬಿಟ್ಟು ಚದುರಿದವರನ್ನು ಹೊಸ ಊರಿನವರು ಕ್ವರ್ನ್‌ಬಿಯವನು, ಕ್ವರ್ನ್‌ಬಿಯವಳು ಎಂದು ಕರೆದರು. ಚರ್ಚಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದರು. ಒಬ್ಬ ಕ್ವಾರ್ನ್‌ಬಿ ಎಂದ, ಇನ್ನೊಬ್ಬ ಕೆರ್ನ್‌ಬಿ ಎಂದ, ಮತ್ತೊಬ್ಬನ ಕೈಯಲ್ಲಿ ಅದು ವರ್ನ್‌ಬಿ ಆಯಿತು. ಇದನ್ನೆಲ್ಲ ಅಕ್ಕ ಅಡುಗೆಮನೆಯಲ್ಲಿ ಅವ್ವನಿಗೆ ಕನ್ನಡದಲ್ಲಿ ಹೇಳಿದಾಗ ಅವ್ವ ರೊಟ್ಟಿ ತಿರುವುತ್ತಾ, “ನಮ್ಮ ಕಡೆ ಇಲ್ಲೇನವಾ ಹಂಗ? ಗುತ್ತಲ, ಬ್ಯಾಡಗಿ, ಹಾವನೂರ ಅಂತ. ಬ್ಯಾಡಗ್ಯಾಗ ಇದ್ದವರಿಗೆ ಯಾರೂ ಬ್ಯಾಡಗಿ ಅನ್ನಂಗಿಲ್ಲ. ಊರು ಬಿಟ್ಟವರಿಗೇ ಊರಿನ ಹೆಸರು ಅಂಟತೈತಿ,” ಎಂದಳು. ಮರುದಿನ ಅಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಮಿಸ್ ಕ್ವರ್ನ್‌ಬಿ ಕಾರ್ಡೊಂದನ್ನು ತೆಗೆದುಕೊಂಡು ನಡುಗುವ ಕೈಯಿಂದಲೇ ಬರೆದುಕೊಂಡರು. ನಮ್ಮ ಅವ್ವನ ಮಾತು ಕಾರ್ಡಿಗೆ ಏರಿತು. ಅದನ್ನು ಅಲ್ಲಿಗೆ ಒಯ್ದವಳು ಅಕ್ಕ.

ಟೈಪ್ ಮಾಡಲು ಅವರಿಗೆ ಕೈ ಬರುತ್ತಿರಲಿಲ್ಲ, ಅಕ್ಕನಿಗೆ ಬರುತ್ತಿತ್ತು. ಹಾಗೆ ಶುರುವಾಯಿತು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳು ತಲೆ ಬಾಚಿಕೊಂಡು ಹುಲ್ಲುಪಟ್ಟಿ ದಾಟಿ ಹೋಗುತ್ತಿದ್ದಳು. ಮೊದಲ ಕೆಲವು ವಾರ ನಾನೂ ಹೋದೆ. ನನಗೆ ಒಂದು ತಟ್ಟೆ ಕುಕೀ ಕೊಟ್ಟು, ಗುಂಡಿಗಳ ಡಬ್ಬಿಯೊಂದನ್ನು ಮುಂದಿಟ್ಟು, ಬಣ್ಣದ ಪ್ರಕಾರ ವಿಂಗಡಿಸಲು ಹೇಳಿದರು. ಒಂಬತ್ತು ವರ್ಷದವಳಿಗೆ ಅದು ಎಂಥ ಅವಮಾನ ಎಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಮೇಜಿನ ಆ ತುದಿಯಲ್ಲಿ ಅವರಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಹಳೆಯ ಕೈಬರಹ ಓದುತ್ತಿದ್ದರು. ಯಾರೂ ಓದಲಾಗದ ಒಂದು ಅಕ್ಷರವನ್ನು ಅಕ್ಕ ಗುರುತಿಸಿದರೆ, “ನಿನಗೆ ಕಣ್ಣಿದೆ, ನಸೀಮಾ,” ಎನ್ನುತ್ತಿದ್ದರು ಮಿಸ್ ಕ್ವರ್ನ್‌ಬಿ. ಆ ಒಂದು ಮಾತು ನನ್ನ ಹೊಟ್ಟೆಯಲ್ಲಿ ದಿನವಿಡೀ ಉರಿಯುತ್ತಿತ್ತು. ನನಗೂ ಕಣ್ಣಿತ್ತು. ನನ್ನ ಕಣ್ಣಿಗೆ ಗುಂಡಿ ಕೊಟ್ಟಿದ್ದರು. ಐದನೆಯ ವಾರ ಹೊಟ್ಟೆನೋವು ಎಂದು ಹೇಳಿ ಮನೆಯಲ್ಲೇ ಉಳಿದೆ. ಅಲ್ಲಿಂದ ಮುಂದೆ ನನ್ನ ಜಾಗ ಡ್ರೈಯರ್ ಕೊಳವೆಯ ಪಕ್ಕ.

ಫೆಬ್ರವರಿಯ ಒಂದು ಶನಿವಾರ ಅವ್ವ ತಾನು ಮಾಡಿದ ಶೇಂಗಾ ಹೋಳಿಗೆ ಕೊಡಲು ನನ್ನನ್ನು ಅಲ್ಲಿಗೆ ಕಳಿಸಿದಳು. ನಾನು ಬಾಗಿಲು ದೂಡಿದಾಗ ಅಕ್ಕ ನಮ್ಮ ಹೆಸರಿನ ಅರ್ಥ ಹೇಳುತ್ತಿದ್ದಳು. ನದಾಫ್ ಎಂದರೆ ಹತ್ತಿ ಹಿಂಜುವವನು. ನಮ್ಮ ಅಜ್ಜ ಆದಂಸಾಬ ಹಿಂಜುವ ಬಿಲ್ಲು ಹೆಗಲಿಗೇರಿಸಿ ಮನೆಮನೆಗೆ ಹೋಗಿ, ಅಂಗಳದಲ್ಲಿ ಕೂತು, ಹಳೆಯ ಗಾದಿ ಬಿಚ್ಚಿ ಹತ್ತಿ ಹಿಂಜಿ ಹೊಸದಾಗಿ ಹೊಲಿದುಕೊಡುತ್ತಿದ್ದ. ಬಿಲ್ಲಿನ ದಾರ ಮೀಟಿದರೆ ಡುಂಯ್ ಡುಂಯ್ ಎಂದು ಓಣಿಗೆಲ್ಲ ಕೇಳುತ್ತಿತ್ತು. ಸಂಜೆ ಅವನ ಹುಬ್ಬಿನ ತುಂಬ ಬಿಳಿ ಎಳೆ. ಹೊಸ ಗಾದಿ ಮುಗಿದ ಕೂಡಲೇ ಮೊದಲು ಮೊಮ್ಮಗಳನ್ನು ಅದರ ಮೇಲೆ ಎಸೆಯುತ್ತಿದ್ದ, ಸರಿಯಾಗಿದೆಯೋ ನೋಡಲು. ಅಕ್ಕ ಇದನ್ನೆಲ್ಲ ಕೈಯಾಡಿಸಿ ಹೇಳುತ್ತಿದ್ದಳು. ಮಿಸ್ ಕ್ವರ್ನ್‌ಬಿ ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದರು. ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಆ ಗಾದಿಯ ಮೇಲೆ ಬಿದ್ದವಳು ನಾನು. ಮುಖಕ್ಕೆ ಮೆತ್ತಿದ ಹೊಸ ಬಟ್ಟೆಯ ಗಂಜಿಯ ವಾಸನೆ, ಅಜ್ಜನ ನಗು, ಎಲ್ಲ ನನಗೆ ನೆನಪಿತ್ತು. ಅವಳು ಅದನ್ನು ‘ನನ್ನನ್ನು’ ಎಂದು ಹೇಳುತ್ತಿದ್ದಳು. ಕಣ್ಣು, ಅಕ್ಷರ, ಜಡೆ ಎಲ್ಲ ಅವಳದೇ ಆಗಿರಲಿ, ಅಜ್ಜನನ್ನೂ ತೆಗೆದುಕೊಳ್ಳಬೇಕಿತ್ತೆ? ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು ಬಂದುಬಿಟ್ಟೆ.

ಅಪ್ಪನಿಗೂ ಆ ಮಾತು ಸೇರಲಿಲ್ಲ. ಮಿಸ್ ಕ್ವರ್ನ್‌ಬಿ ಡ್ರೈವ್‌ವೇಯಲ್ಲಿ ಹಿಮ ಎತ್ತುತ್ತಿದ್ದ ಅವನನ್ನು ನಿಲ್ಲಿಸಿ, ನಿಮ್ಮ ತಂದೆಯವರ ಕಸುಬಿನ ಬಗ್ಗೆ ಕೇಳಿ ಬಹಳ ಸಂತೋಷವಾಯಿತು ಎಂದಿದ್ದರು. ಅಪ್ಪ ಒಳಗೆ ಬಂದು ಬೂಟು ಕಳಚುತ್ತಾ, “ಮನಿ ಸುದ್ದಿ ಹೊರಗ ಹೇಳಬ್ಯಾಡ್ರಿ ಇನ್ನ ಮ್ಯಾಲೆ,” ಎಂದ, ಯಾರ ಮುಖವನ್ನೂ ನೋಡದೆ.

ಅವ್ವ ಕೇಳಿದಳು, “ಯಾಕ, ನಿಮ್ಮಪ್ಪ ಕಳವು ಮಾಡಿದ್ನೇನು?”

ಅಪ್ಪ ಬೂಟುಗಳನ್ನು ಬಾಗಿಲ ಹಿಂದೆ ಇಟ್ಟು ಒಳಗೆ ಹೋದ. ಅಕ್ಕ ತಲೆ ತಗ್ಗಿಸಿ ಕೂತಳು. ಅವಳು ಬೈಸಿಕೊಂಡದ್ದು ಅಪರೂಪ. ನನಗೆ ಸ್ವಲ್ಪ ಹಿತವಾಯಿತು, ಆದರೆ ಸಾಕಾಗಲಿಲ್ಲ.

ಏಪ್ರಿಲ್ ಹೊತ್ತಿಗೆ ಪುಸ್ತಕ ಮುಗಿಯುತ್ತಾ ಬಂದಿತ್ತು. ಬೇಸಿಗೆಯಲ್ಲಿ ಬರಲು ಸಾಧ್ಯವಿದ್ದ ಕ್ವರ್ನ್‌ಬಿಗಳನ್ನೆಲ್ಲ ಮಿಸ್ ಕ್ವರ್ನ್‌ಬಿ ತಮ್ಮ ಹಿತ್ತಿಲಿಗೆ ಕರೆದಿದ್ದರು. ಅಷ್ಟರೊಳಗೆ ಪ್ರತಿಗಳು ಎಲ್ಲರ ಕೈ ಸೇರಬೇಕು. ಅಕ್ಕ ಫ್ಲಾಪಿ ಡಿಸ್ಕನ್ನು ಮನೆಗೇ ತಂದು ನಮ್ಮ ಬೇಸ್‌ಮೆಂಟಿನ ಕಂಪ್ಯೂಟರಿನಲ್ಲಿ ಕೊನೆಯ ತಿದ್ದುಪಡಿಗಳನ್ನು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಶಾಲೆಯಲ್ಲಿ ಪಿಟೀಲು ಅಭ್ಯಾಸಕ್ಕೆ ಉಳಿದಿದ್ದಳು. ನಾನು ಬೇಸ್‌ಮೆಂಟಿಗೆ ಇಳಿದೆ. ಡಿಸ್ಕು ಕಂಪ್ಯೂಟರಿನಲ್ಲೇ ಇತ್ತು. ಫೈಲು ತೆರೆದಾಗ ಮೊದಲ ಪುಟದಲ್ಲೇ ಕಂಡದ್ದು ಒಂದು ಸಾಲು: ಈ ಪುಸ್ತಕವು ನಸೀಮಾ ನದಾಫ್‌ಳ ಕಣ್ಣು ಮತ್ತು ಕೈಗಳಿಗೆ ಋಣಿ. ನಾನು ಆ ಸಾಲನ್ನು ಅಳಿಸಿದೆ. ಗೊತ್ತಾಗುತ್ತದೆ ಎಂದು ಹೆದರಿ ಮತ್ತೆ ಬರೆದೆ. ಅಳಿಸಿ ಬರೆಯುವುದು ಇಷ್ಟು ಸುಲಭ ಎಂದು ಆಗ ತಿಳಿಯಿತು.

ಪುಟಗಳನ್ನು ಕೆಳಗೆ ಸರಿಸುತ್ತಾ ಹೋದೆ. ನಡುವೆ ಒಂದು ಕಡೆ ಥಾಮಸ್ ಕ್ವರ್ನ್‌ಬಿ ಎಂಬ ಹಳೆಯ ಕಾಲದ ರೈತನ ಮಕ್ಕಳ ಪಟ್ಟಿ ಇತ್ತು. ನಾಲ್ವರು. ಒಬ್ಬ ಹೊಲ ಉತ್ತ, ಒಬ್ಬ ಕಲ್ಲು ಕಡಿದ, ಒಬ್ಬಳು ಸಣ್ಣವಳಿದ್ದಾಗಲೇ ಹೋದಳು, ಒಬ್ಬ ಹಡಗು ಹತ್ತಿದ. ನಾಲ್ಕನೆಯವನ ಕೆಳಗೆ ನಾನು ಐದನೆಯವನನ್ನು ಬರೆದೆ. ಇಂಗ್ಲಿಷಿನಲ್ಲಿ, ಆ ಪುಸ್ತಕದ ಧಾಟಿಯಲ್ಲೇ: ಐದನೆಯವನು ಆ್ಯಡಮ್, ಬಿಲ್ಲು ಹೊತ್ತು ಮನೆಯಿಂದ ಮನೆಗೆ ಹೋಗಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದನು. ಏನು ಬರೆಯಬೇಕೆಂದು ಯೋಚಿಸಿ ಬರೆದದ್ದಲ್ಲ. ಕೈಗೆ ಬಂದದ್ದು ಅದು. ಅಕ್ಕನ ಅಷ್ಟು ಚೊಕ್ಕಟವಾದ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಕೂಡಿಸಬೇಕಿತ್ತು, ಅಷ್ಟೆ. ಜೊತೆಗೆ, ಇದನ್ನೂ ಹೇಳಿಬಿಡುತ್ತೇನೆ, ಅಜ್ಜನನ್ನು ಅವಳು ತನ್ನವನನ್ನಾಗಿ ಮಾಡಿಕೊಂಡಳಲ್ಲ, ನಾನು ಅವನನ್ನು ಅವಳಿಗೆ ಕಾಣದ ಕಡೆ ಇಡುತ್ತೇನೆ ಎಂದೂ ಅನ್ನಿಸಿತ್ತು. ಸೇವ್ ಮಾಡಿದೆ. ಮೇಲಿನಿಂದ ಅವ್ವ, “ರಿಹಾನಾ, ಮಂಡಕ್ಕಿ ಹಚ್ಚೇನಿ, ಬಾ,” ಎಂದು ಕೂಗಿದಳು. ನಾನು ಹೋಗಿ ಎರಡು ಬಟ್ಟಲು ತಿಂದೆ.

ಅಕ್ಕ ಆ ಪುಟಗಳನ್ನು ಅದಾಗಲೇ ಓದಿ ಮುಗಿಸಿದ್ದಳು. ಮತ್ತೆ ಯಾರೂ ನೋಡಲಿಲ್ಲ. ಪುಸ್ತಕ ಅಚ್ಚಾಗಿ ಬಂತು, ತೆಳು ನೀಲಿ ರಟ್ಟಿನ ಹೊದಿಕೆ. ಅಂಚೆಯಲ್ಲಿ ದೇಶದೇಶಕ್ಕೆ ಹೋಯಿತು. ಜುಲೈನಲ್ಲಿ ಹಿತ್ತಿಲ ಕೂಟ. ಇಪ್ಪತ್ತೈದು ಜನ ಬಂದಿದ್ದರು. ಒಬ್ಬರಿಗೊಬ್ಬರು ಪರಿಚಯವಿಲ್ಲದಿದ್ದರೂ ಹೆಸರೊಂದೇ ಇದ್ದವರು. ಎದೆಗೆ ಅಂಟಿಸಿದ ಚೀಟಿಗಳಲ್ಲೆಲ್ಲ ಕ್ವರ್ನ್‌ಬಿ, ಕ್ವರ್ನ್‌ಬಿ, ಕ್ವರ್ನ್‌ಬಿ. ಅದನ್ನು ನೋಡಿ ಎಲ್ಲರೂ ನಗುತ್ತಿದ್ದರು. ಅವ್ವ ದೊಡ್ಡ ಪಾತ್ರೆ ತುಂಬ ಪಲಾವು ಮಾಡಿ ಕಳಿಸಿದ್ದಳು. ಅಕ್ಕ ಹಳದಿ ಚೂಡಿದಾರ ಹಾಕಿಕೊಂಡು ಮಿಸ್ ಕ್ವರ್ನ್‌ಬಿಯವರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ಬಂದವರಿಗೆಲ್ಲ ಅವರು ಅವಳ ಕೈ ಹಿಡಿದು ಪರಿಚಯ ಮಾಡಿಸುತ್ತಿದ್ದರು.

ಯಾರ್ಕ್‌ಶೈರಿನಿಂದ ಬಂದಿದ್ದ ವಯಸ್ಸಾದ ಒಬ್ಬ ಕ್ವರ್ನ್‌ಬಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಬಂದರು. ಬಹಳ ಮರ್ಯಾದೆಯ ಮನುಷ್ಯ. “ಈ ಆ್ಯಡಮ್ ನಿಮಗೆಲ್ಲಿ ಸಿಕ್ಕ? ನಾನು ನಲವತ್ತು ವರ್ಷದಿಂದ ಹುಡುಕುತ್ತಿದ್ದೇನೆ, ನನಗೆ ನಾಲ್ವರೇ ಸಿಕ್ಕಿದ್ದು,” ಎಂದರು. “ಅಲ್ಲದೆ ಆ ಕಾಲಕ್ಕೆ ನಮ್ಮ ಕಡೆ ಇದ್ದದ್ದು ಉಣ್ಣೆ. ಹತ್ತಿ ಎಲ್ಲಿಂದ ಬರಬೇಕು?”

ಮಿಸ್ ಕ್ವರ್ನ್‌ಬಿ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ತಲೆ ಎತ್ತಿ ಅಕ್ಕನನ್ನು ನೋಡಿದರು. ಬಿಲ್ಲು, ಹತ್ತಿ, ಹಾಸಿಗೆ, ಆದಂಸಾಬನ ಹೆಸರು. ಇವೆಲ್ಲ ಆ ಮನೆಗೆ ಬಂದದ್ದು ಅಕ್ಕನ ಬಾಯಿಂದ. ಬೇರೆ ಯಾರನ್ನು ಅನುಮಾನಿಸಬೇಕು ಅವರು? ನಾನು ಲಿಂಬೆ ಪಾನಕದ ಜಗ್ಗಿನ ಹತ್ತಿರ ನಿಂತಿದ್ದೆ. ಅಕ್ಕ ಬಾಗಿ ಓದಿದಳು, ಅವಳ ಕಿವಿಯವರೆಗೂ ರಕ್ತ ಏರಿತು. “ಇದು ತಪ್ಪು,” ಎಂದರು ಮಿಸ್ ಕ್ವರ್ನ್‌ಬಿ ಆ ಹಿರಿಯರಿಗೆ, “ನನ್ನದೇ ತಪ್ಪು, ನಾನು ಇನ್ನೊಮ್ಮೆ ನೋಡಬೇಕಿತ್ತು.” ಕೂಟ ಮುಗಿಯುವವರೆಗೆ ಅಕ್ಕನ ಕೈಯನ್ನು ಅವರು ಮತ್ತೆ ಹಿಡಿಯಲಿಲ್ಲ.

ಸೋಮವಾರ ಅಕ್ಕನನ್ನು ಕರೆದರು. ಹತ್ತು ನಿಮಿಷಕ್ಕೆ ಅವಳು ವಾಪಸು ಬಂದಳು. ಬೈದಿರಲಿಲ್ಲ. ನಿನ್ನ ಅಜ್ಜನ ಕಥೆ ಚೆನ್ನಾಗಿದೆ, ಆದರೆ ಅದರ ಜಾಗ ಅದಲ್ಲ, ಎಂದಿದ್ದರಂತೆ. ನಾನು ಬರೆದಿಲ್ಲ ಎಂದು ಅಕ್ಕ ಹೇಳಿದಾಗ, ಸುಸ್ತಾದಾಗ ಮನಸ್ಸು ಎಲ್ಲೋ ಇದ್ದು ಕೈ ಏನನ್ನೋ ಹೊಡೆದುಬಿಡುತ್ತದೆ, ನನಗೂ ಆಗಿದೆ, ಎಂದು ಸಮಾಧಾನ ಮಾಡಿದ್ದರಂತೆ. ಆ ಸಮಾಧಾನವೇ ಅವಳನ್ನು ಕೆಡಿಸಿತು. ಬೈದಿದ್ದರೆ ಅವಳು ಜಗಳವಾಡುತ್ತಿದ್ದಳು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, “ನಾ ಬರದಿದ್ದು ನೆನಪ ಇಲ್ಲವಾ ನನಗ. ಖರೇನ ನೆನಪ ಇಲ್ಲ,” ಎಂದಳು ಅವ್ವನಿಗೆ.

ಅವ್ವ ಅವಳ ತಲೆ ಸವರಿ, “ಇರಲಿ ಬಿಡು. ನಿನ್ನ ಕೈಲೆ ಅಲ್ದ ಮತ್ಯಾರ ಕೈಲೆ ಆಗಬೇಕು? ದಣಿದಿದ್ದಿ,” ಎಂದಳು.

ನಾನು ಅಲ್ಲೇ ಮೇಜಿನ ಮುಂದೆ ಕೂತು ಬಣ್ಣದ ಪೆನ್ಸಿಲು ಕೆತ್ತುತ್ತಿದ್ದೆ. ಬಾಯಿ ತೆರೆಯಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದರು. ನಾನು ತೆರೆಯಲಿಲ್ಲ.

ಮತ್ತೆ ಬಾ ಎಂದು ಅವರು ಕರೆದರೂ ಅಕ್ಕ ಹೋಗಲಿಲ್ಲ. ಆಗಸ್ಟಿನ ಒಂದು ಶನಿವಾರ ಹತ್ತಕ್ಕೆ ಸರಿಯಾಗಿ ನಾನು ತಲೆ ಬಾಚಿಕೊಂಡು ಆ ಮನೆಯ ಬಾಗಿಲು ತಟ್ಟಿದೆ. ಏನಾದರೂ ಕೆಲಸ ಇದೆಯೇ ಎಂದು ಕೇಳಿದೆ. ಅಕ್ಕನ ಕುರ್ಚಿ ಸಿಕ್ಕಿತು. ಅದರಲ್ಲಿ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವರು ನನ್ನ ಮುಂದೆ ಇಟ್ಟದ್ದು ಸಣ್ಣ ಸಣ್ಣ ತಿದ್ದುಪಡಿಯ ಚೀಟಿಗಳು: ಥಾಮಸ್ ಕ್ವರ್ನ್‌ಬಿಗೆ ನಾಲ್ವರು ಮಕ್ಕಳು, ಐದನೆಯವನನ್ನು ದಯವಿಟ್ಟು ಹೊಡೆದುಹಾಕಿ. ಒಂದೊಂದನ್ನೂ ಲಕೋಟೆಗೆ ಹಾಕಿ, ಅಂಟಿಸಿ, ಸ್ಟ್ಯಾಂಪು ಹಚ್ಚಬೇಕು. ಉಳಿದ ಪುಸ್ತಕಗಳಲ್ಲಿ ಆ ಪುಟಕ್ಕೆ ಒಂದೊಂದು ಅಂಟಿಸಬೇಕು. ನಾನು ಅಜ್ಜನನ್ನು ನನ್ನ ಕೈಯಾರೆ ಅಷ್ಟೂ ಸಲ ಹೊಡೆದುಹಾಕಿದೆ. ಮಿಸ್ ಕ್ವರ್ನ್‌ಬಿ ಎದುರಿಗೆ ಕೂತು ಕಿಟಕಿಯಾಚೆ ನೋಡುತ್ತಿದ್ದರು. “ನಿನ್ನ ಅಕ್ಕ ಹೇಗಿದ್ದಾಳೆ?” ಎಂದರು ಒಮ್ಮೆ. ಚೆನ್ನಾಗಿದ್ದಾಳೆ ಎಂದೆ. ಮಧ್ಯಾಹ್ನದವರೆಗೆ ಅವರು ನನ್ನನ್ನು ಕೇಳಿದ್ದು ಅದೊಂದೇ.

ಎರಡು ವರ್ಷ ಕಳೆದ ಮೇಲೆ ಅಪ್ಪನ ಕಂಪನಿಯಲ್ಲಿ ಕೆಲಸ ಕಡಿಮೆಯಾಯಿತು. ಅವನಿಗೆ ಡಿಯರ್‌ಬಾರ್ನ್‌ನ ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿ, ನಾವು ಅದೇ ಕಡೆಯ ಸ್ಟರ್ಲಿಂಗ್ ಹೈಟ್ಸ್‌ಗೆ ಬಂದೆವು. ಹೊರಡುವ ದಿನ ಮಿಸ್ ಕ್ವರ್ನ್‌ಬಿ ಲಾರಿಯ ಪಕ್ಕ ನಿಂತು ಅಕ್ಕನಿಗೆ ಒಂದು ನೀಲಿ ಪುಸ್ತಕ ಕೊಟ್ಟರು. ಅವಳು ಥ್ಯಾಂಕ್ಸ್ ಎಂದು ಅದನ್ನು ಪಾತ್ರೆಗಳ ಡಬ್ಬಿಗೆ ಸೇರಿಸಿದಳು. ಅವಳು ಆ ಪುಸ್ತಕ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ. ಮೂರು ಚಳಿಗಾಲ ಅವರ ಕಾರ್ಡು ಬಂತು, ಪ್ರತಿ ಸಲ ಅಕ್ಷರ ಇನ್ನಷ್ಟು ನಡುಗಿತ್ತು. ನಾಲ್ಕನೆಯ ವರ್ಷ ಅವ್ವ ಕಳಿಸಿದ ಈದ್ ಕಾರ್ಡು ವಾಪಸು ಬಂತು. ಹಳೆಯ ನೆರೆಯವರಿಗೆ ಫೋನು ಮಾಡಿದಾಗ ತಿಳಿಯಿತು, ಮಿಸ್ ಕ್ವರ್ನ್‌ಬಿ ತೀರಿಹೋಗಿ ಆರು ತಿಂಗಳಾಗಿತ್ತು. ಬೂಟಿನ ಡಬ್ಬಿಗಳು ಏನಾದವೋ ನೆರೆಯವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ಬದಲಾಗಿದ್ದಳು. ಅದನ್ನು ಬದಲಾವಣೆ ಎಂದು ನಾವು ಗುರುತಿಸಿರಲಿಲ್ಲ. ಒಲೆ ಆರಿಸಿ ಮತ್ತೆ ಬಂದು ನೋಡುತ್ತಿದ್ದಳು. ಬಾಗಿಲು ಹಾಕಿ, ಕಾರಿನವರೆಗೆ ಹೋಗಿ, ವಾಪಸು ಬಂದು ಎಳೆದು ನೋಡುತ್ತಿದ್ದಳು. ಕಾಲೇಜಿನ ಅರ್ಜಿಗಳನ್ನು ಅಪ್ಪನ ಕೈಲಿ ಓದಿಸಿ, ಅವ್ವನ ಕೈಲಿ ಓದಿಸಿ, ಕೊನೆಗೆ ನನ್ನ ಕೈಲೂ ಓದಿಸುತ್ತಿದ್ದಳು. ಇತಿಹಾಸ ಓದಬೇಕೆಂದಿದ್ದವಳು ಫಾರ್ಮಸಿ ಸೇರಿದಳು. ಅಲ್ಲಿ ಎಣಿಸಿದ್ದನ್ನು ಮತ್ತೆ ಎಣಿಸುವುದೇ ಕೆಲಸವಾದ್ದರಿಂದ ಅವಳನ್ನು ಎಲ್ಲರೂ ಮೆಚ್ಚುತ್ತಿದ್ದರು. ನಾವು ಮನೆಯಲ್ಲಿ ಅವಳನ್ನು ಗೇಲಿ ಮಾಡುತ್ತಿದ್ದೆವು. ನಾನೂ ಮಾಡುತ್ತಿದ್ದೆ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಸುಮ್ಮನೆ ಕುತೂಹಲಕ್ಕೆ ಇಂಟರ್‌ನೆಟ್‌ನಲ್ಲಿ ಆ ಹೆಸರು ಹುಡುಕಿದೆ. 

ವಂಶವೃಕ್ಷಗಳನ್ನು ಹಾಕುವ ಒಂದು ತಾಣದಲ್ಲಿ ಆ್ಯಡಮ್ ಕ್ವರ್ನ್‌ಬಿ ಸಿಕ್ಕ. ಅವನಿಗೆ ಯಾರೋ ಹುಟ್ಟಿದ ವರ್ಷ ಕೊಟ್ಟಿದ್ದರು. ಇನ್ಯಾರೋ ಹೆಂಡತಿಯನ್ನು ಕೊಟ್ಟಿದ್ದರು, ಮೇರಿ ಎಂದು. ಐದು ಮಕ್ಕಳು. ಆಸ್ಟ್ರೇಲಿಯಾದ ಒಂದು ಕುಟುಂಬ ತಾವು ಅವನ ಸಂತತಿ ಎಂದು ಬರೆದುಕೊಂಡಿತ್ತು. ತಿದ್ದುಪಡಿಯ ಚೀಟಿ ಅವರಿಗೆ ತಲುಪಿರಲಿಲ್ಲವೋ, ತಲುಪಿದರೂ ಬಿದ್ದುಹೋಯಿತೋ. ಕಸುಬಿನ ಎದುರು ಬರೆದಿತ್ತು: ಹಾಸಿಗೆ ಹೊಲಿಯುವವನು. ಮೊದಲು ನನಗಾದದ್ದು ಹೆಮ್ಮೆ. ಸುಳ್ಳು ಹೇಳುವುದಿಲ್ಲ. ಎಂಟು ನೂರು ವರ್ಷದ ಹೆಸರಿನೊಳಗೆ ನಮ್ಮ ಅಜ್ಜ ಹೆಂಡತಿ ಮಕ್ಕಳೊಂದಿಗೆ ಸಂಸಾರ ಹೂಡಿದ್ದ. ಆಮೇಲೆ ಅಕ್ಕ ನೆನಪಾದಳು.

ಆ ವಾರಾಂತ್ಯ ಮನೆಗೆ ಬಂದಾಗ ಅಕ್ಕ ನನ್ನನ್ನು ಬಸ್ ನಿಲ್ದಾಣದಿಂದ ಕರೆದುಕೊಂಡು ಹೋಗಲು ಬಂದಿದ್ದಳು. ಕಾರಿನಲ್ಲಿ ಹೇಳಿದೆ. ಎಲ್ಲವನ್ನೂ, ಮಂಡಕ್ಕಿಯವರೆಗೆ. ಅವಳು ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದ ಇಳಿದು, ಒಂದು ಪೆಟ್ರೋಲ್ ಬಂಕಿನ ಅಂಚಿನಲ್ಲಿ ಕಾರು ನಿಲ್ಲಿಸಿದಳು. ನಾವಿಬ್ಬರೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತಾಡುವವರು. ಅವಳು ಅವ್ವನ ಕನ್ನಡಕ್ಕೆ ಬಂದಳು.

“ನಾ ಡಾಕ್ಟರ್ ಕಡೆ ಹೋಗಿದ್ನಿ, ಗೊತ್ತೈತೇನ ನಿನಗ? ಕಾಲೇಜಿನ್ಯಾಗ ಇದ್ದಾಗ. ನಾ ಮಾಡಿದ್ದು ನನಗ ನೆನಪ ಇರಂಗಿಲ್ಲ, ತಲ್ಯಾಗ ಏನರ ಐತೇನು ನೋಡ್ರಿ ಅಂತ ಹೇಳಿದ್ನಿ. ಸ್ಕ್ಯಾನ್ ಮಾಡಿಸ್ಕೊಂಡೆ. ಅವ್ವಗ ಹೇಳಿಲ್ಲ.”

ಅವಳು ಇಂಜಿನ್ ಆರಿಸಿದಳು.

“ಯಾಕ ಮಾಡಿದಿ?”

“ನೀ ಅಜ್ಜನ ಸುದ್ದಿ ನಿಂದು ಅನ್ನೋ ಹಂಗ ಹೇಳಿದಿ,” ಎಂದೆ. “ಆ ಗಾದಿ ಮ್ಯಾಲೆ ನನ್ನ ಒಗದಿದ್ದ ಅಜ್ಜ.”

ಅವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. “ನಿನ್ನನ್ನ? ರಿಹಾನಾ, ನೀ ಊರಿಗೆ ಹೋದಾಗ ನಿನಗ ಎರಡು ವರ್ಷ. ಅಜ್ಜ ಆಗಲೇ ಹಾಸಿಗಿ ಹಿಡದಿದ್ದ. ಅವನ ಕೈ ಏಳತಿದ್ದಿಲ್ಲ. ಬಿಲ್ಲು ಅಟ್ಟದ ಮ್ಯಾಲಿತ್ತು. ಅದು ನಾನಽ. ನಿನಗ ಮಲಗಸೂ ಮುಂದ ದಿನಾ ನಾ ಹೇಳತಿದ್ದ ಕಥಿ ಅದು.”

ಅದು ನಿಜ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಗಂಜಿಯ ವಾಸನೆ, ಹುಬ್ಬಿನ ಬಿಳಿ ಎಳೆ, ಎಲ್ಲ ಅವಳು ಕತ್ತಲೆಯಲ್ಲಿ ನನ್ನ ಕಿವಿಗೆ ಕೊಟ್ಟದ್ದು. ಅವಳು ಕೊಟ್ಟದ್ದನ್ನು ಅವಳು ಕಸಿದಳು ಎಂದು ನಾನು ಅವಳ ಮೇಲೆ ಸೇಡು ತೀರಿಸಿಕೊಂಡಿದ್ದೆ. ಅಕ್ಕ ಕಾರು ಹೊರಡಿಸಿದಳು. ಆಮೇಲೆ ಹತ್ತು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಅವ್ವ ಕಾರಣ ಕೇಳಿ ಕೇಳಿ ಸೋತಳು. ನಾನು ಆ ತಾಣಕ್ಕೂ, ವಿಳಾಸ ಸಿಕ್ಕ ಕ್ವರ್ನ್‌ಬಿಗಳಿಗೂ ಪತ್ರ ಬರೆದೆ. ಕೆಲವರು ತಿದ್ದಿದರು. ಆಸ್ಟ್ರೇಲಿಯಾದವರು ಮಾತ್ರ, ಆ್ಯಡಮ್ ನಮ್ಮ ಮನೆಯಲ್ಲಿ ಬಹಳ ವರ್ಷದಿಂದ ಇದ್ದಾನೆ, ಒಂದು ಮಗುವಿಗೆ ಅವನ ಹೆಸರನ್ನೂ ಇಟ್ಟಿದ್ದೇವೆ, ಎಂದು ಉತ್ತರಿಸಿದರು.

ಮರುವರ್ಷದ ಶರತ್ಕಾಲದಲ್ಲಿ ಅಕ್ಕ ತಾನೇ ಫೋನು ಮಾಡಿ, “ಶನಿವಾರ ವುಡ್‌ರಿಡ್ಜ್‌ಗೆ ಹೋಗೂಣು,” ಎಂದಳು. ಐದು ಗಂಟೆಯ ದಾರಿ. ದಾರಿಯಲ್ಲಿ ಅವಳು ಫಾರ್ಮಸಿಯ ಮಾತಾಡಿದಳು, ಹವೆಯ ಮಾತಾಡಿದಳು. ನಮ್ಮ ಮನೆಗೆ ಬೇರೆ ಬಣ್ಣ ಹೊಡೆದಿದ್ದರು. ಎರಡು ಮನೆಗಳ ನಡುವೆ ಮರದ ಬೇಲಿ ಬಂದಿತ್ತು. ನಾವು ಕಾರಿನಿಂದ ಇಳಿಯಲಿಲ್ಲ. ಅಲ್ಲಿಂದ ಮೂರು ಮೈಲಿ ಆಚೆಯ ಸ್ಮಶಾನಕ್ಕೆ ಹೋದೆವು. ಕಚೇರಿಯ ಹುಡುಗಿ ನಕ್ಷೆಯಲ್ಲಿ ಗುರುತು ಹಾಕಿಕೊಟ್ಟಳು. ಸಣ್ಣ ಕಲ್ಲು, ನೆಲಮಟ್ಟಕ್ಕಿತ್ತು, ಮೇಲೆ ಓಕ್ ಎಲೆಗಳು ಬಿದ್ದಿದ್ದವು. ಅಕ್ಕ ಎಲೆಗಳನ್ನು ಕೈಯಿಂದ ಸರಿಸಿ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಮುಟ್ಟಿ ಓದಿದಳು.

ಆಮೇಲೆ ಎದ್ದು ನಿಂತು, ಶಾಲೆಯಲ್ಲಿ ಹೆಸರು ಕರೆದಾಗ ನಿಲ್ಲುವ ಹಾಗೆ ಕೈ ಎರಡೂ ಪಕ್ಕಕ್ಕೆ ಬಿಟ್ಟು, ಇಂಗ್ಲಿಷಿನಲ್ಲಿ ಹೇಳಿದಳು: “ಮಿಸ್ ಕ್ವರ್ನ್‌ಬಿ, ಅದನ್ನು ಬರೆದವಳು ನಾನಲ್ಲ.”

ಅಷ್ಟೇ. ನನ್ನ ಹೆಸರು ಹೇಳಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಮುಂದೆ ಬಂದು ನಾನೇ ಹೇಳಬೇಕಿತ್ತು, ಅದಕ್ಕೇ ಅವಳು ನನ್ನನ್ನು ಐದು ಗಂಟೆ ದೂರ ಕರೆತಂದದ್ದು ಎಂದು ಈಗ ಅನ್ನಿಸುತ್ತದೆ. ಆ ಹೊತ್ತಿನಲ್ಲೂ ನನ್ನೊಳಗೆ ಎದ್ದದ್ದು ಅದೇ ಹಳೆಯ ಉರಿ. ಅವಳಿಗೆ ಅಲ್ಲಿ ಹೇಳಲು ಅಷ್ಟು ಶುದ್ಧವಾದ ಒಂದು ಮಾತಿತ್ತು. ಗಾಳಿ ಬೀಸಿ ಕಲ್ಲಿನ ಮೇಲೆ ಮತ್ತೆ ಎಲೆ ಬಿದ್ದವು. ಅಕ್ಕ ಕಾರಿನತ್ತ ನಡೆದಳು. ಆ ಊರಿನಲ್ಲಿ ಈಗ ಕ್ವರ್ನ್‌ಬಿ ಎನ್ನುವವರು ಯಾರೂ ಇಲ್ಲ, ನದಾಫರೂ ಇಲ್ಲ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಏನೂ ಹೇಳದೆ, ಅವಳ ಹಿಂದೆ ಹೋದೆ.